ಒಂದು ಪೆಟ್ಟಿಗೆ ಜೆರ್ವಾಸ್

ಮೊದಲು ಅವನ ಅಂಗಿಯ ಬಗ್ಗೆ ಹೇಳಬೇಕು:
ಹಳದಿ, ಕಾಲರು ಕಿವಿ ಮುಟ್ಟುವಷ್ಟು.
ತೊಡೆಯ ಮೇಲೆ ಗಿಟಾರು ಮಲಗಿಸಿಕೊಂಡು
ಯಾವುದೋ ದೋಣಿಯ ಅಂಚಿಗೆ ಕೂತಿದ್ದ
ಜೆರ್ವಾಸ್ ಕುಲಾಸೊ.
ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಅವನು
ನನ್ನ ಹೆಬ್ಬೆರಳಿಗಿಂತ ದೊಡ್ಡವನಲ್ಲ.

ಕೋಡಿಬಾಗದಲ್ಲಿ ಯಾರ ಮನೆಯಲ್ಲಿ ಇರಲಿಲ್ಲ ಅವನು?
ಬಂಗುಡೆ ಉಪ್ಪಿಗೆ ಹಾಕುವ ಗುಲಾಬಿ ತಾಂಡೇಲಳ ಅಂಗಳದಲ್ಲಿ,
ಸಲೂನಿನ ಕನ್ನಡಿಯ ಹಿಂದೆ,
ಬೈತಖೋಲದ ಟೆಂಪೊಗಳಲ್ಲಿ ಗೇರಿನ ಪಕ್ಕ,
ಇಗರ್ಜಿಯ ಮದುವೆಯಲ್ಲಿ, ಗಣಪತಿಯ ಮಂಟಪದಲ್ಲೂ
(ಎರಡನೆಯ ಬದಿಯ ಮೂರನೆಯ ಹಾಡು
ಎಂಥದ್ದೆಂದು ಭಟ್ಟರಿಗೆ ಗೊತ್ತಿರಲಿಲ್ಲ).
ನಮ್ಮ ಮನೆಗೆ ಬಂದದ್ದು
ರೇಡಿಯೊ ರಿಪೇರಿಗೆ ಕೊಟ್ಟಾಗ, ಅದರ ಜೊತೆ, ಪುಕ್ಕಟೆ.

ತಂಗಿ ಸುಲಕ್ಷಾ ಅವನನ್ನೇ ಮದುವೆಯಾಗುವವಳಿದ್ದಳು.
ನಾನು ಒಪ್ಪಿರಲಿಲ್ಲ. ಈ ವಿಷಯದಲ್ಲಿ
ಒಂದು ಬಾಚಣಿಗೆ ಮುರಿದಿದೆ.

ಅವನ ಕೊಂಕಣಿ ನಮ್ಮ ಕೊಂಕಣಿಯಲ್ಲ,
ಸಾಲಿನ ತುದಿಗೆ ಬಂದು ಮೂಗಿನೊಳಗೆ ತಿರುಗುತ್ತಿತ್ತು.
ನಾವೂ ಮೂಗಿನಲ್ಲೇ ಹಾಡಿದೆವು.
ನೆಗಡಿಯೆಂದು ಆಯಿ ಕಷಾಯ ಕುಡಿಸಿದಳು.

ಆರನೆಯ ಕ್ಲಾಸಿನ ನಡುವೆ ಬಾಬಾನಿಗೆ ವರ್ಗ,
ಶಿರಸಿಯ ಟಿಂಬರ್ ಡಿಪೊ.
ದೇವಿಮನೆ ಘಟ್ಟದ ತಿರುವುಗಳಲ್ಲಿ
ಸುಲಕ್ಷಾ ಕಿಟಕಿಗೆ ತಲೆ ಕೊಟ್ಟಿದ್ದಳು,
ನಾನು ಕ್ಯಾಸೆಟ್ಟನ್ನು ಒಣಮೀನಿನ ಪೊಟ್ಟಣದ ಜೊತೆ
ಚೀಲದ ತಳಕ್ಕೆ ತುರುಕಿ ಕೂತಿದ್ದೆ.
ಎರಡನ್ನೂ ಅಲ್ಲಿ ಎಲ್ಲರೆದುರು ಬಿಚ್ಚಬಾರದೆಂದು
ಯಾರೂ ಹೇಳಿರಲಿಲ್ಲ. ಗೊತ್ತಿತ್ತು.

ಒಂದನ್ನು ಬಿಚ್ಚಿದೆ.
ದೇವಿಕೆರೆಯ ಪಕ್ಕದ ಬಾಡಿಗೆ ಮನೆಗೆ
ವಿಶಾಲಾಕ್ಷಿ ಬಂದಿದ್ದಳು, ಎರಡು ಜಡೆ, ಹೊಸ ಗೆಳತಿ.
ಮೊದಲನೆಯ ಹಾಡು ಮುಗಿಯುವವರೆಗೂ ಕೂತಳು,
ನೆಂಟರ ಮನೆಯ ತಿಂಡಿ ರುಚಿಸದವರು
ತಟ್ಟೆ ಹಿಡಿದು ಕೂರುವ ಹಾಗೆ. ಆಮೇಲೆ,
“ಯಾರೇ ಇವ್ನು?”

ಯಾರೇ ಇವನು!
ಸಮುದ್ರ ಅಂದ್ರೆ ಎಂಥದೇ ಎಂದ ಹಾಗೆ.

ಪೇಟೆಯ ಅಂಗಡಿಯವ ಪಟ್ಟಿಯ ಮೇಲೆ ಬೆರಳಾಡಿಸಿ ನಕ್ಕ:
“ಜೆರ್ವಾಸ್ ಇಲ್ಲೆ ತಂಗಿ,
ಜರ್ದಾ ಬೇಕಾದ್ರೆ ಪಕ್ಕದಂಗಡಿ.”

ಹಾಡಿಗೂ ಘಟ್ಟ ಹತ್ತುವಾಗ ದಮ್ಮು ಕಟ್ಟುತ್ತದೆಂದು
ನನಗೆ ನಾನೇ ವಿಜ್ಞಾನ ಬರೆದುಕೊಂಡೆ.
ಪಾಪ, ಇವರಿಗೇನು ಗೊತ್ತು, ಕೆಳಗೆ
ಕಾಳಿಯಾಚೆ, ಪೋಳೆಯ ಗೇಟಿನಾಚೆ, ಗೋವೆಯಲ್ಲಿ
ಅವನು ಬೀದಿಗಿಳಿದರೆ ಬಸ್ಸು ನಿಲ್ಲುತ್ತವೆ.
ಇಪ್ಪತ್ತೆರಡು ವರ್ಷ ಬಸ್ಸು ನಿಲ್ಲುತ್ತಲೇ ಇದ್ದವು.

ಮೊನ್ನೆ ಮಡಗಾಂವಿನಲ್ಲಿ, ಮಾವಶಿಯ ಕಣ್ಣಿನ ಆಪರೇಶನ್ನು,
ಔಷಧಿ ತರಲು ಹೋದವಳು ಹಳೆಯ ಮ್ಯೂಸಿಕ್ ಅಂಗಡಿ ಹೊಕ್ಕೆ.
ಮುದುಕ ಹೆಸರನ್ನು ಎರಡು ಸಲ ಹೇಳಿಸಿದ.
“ಹಾಂ, ಅವನು. ಒಂದೇ ಕ್ಯಾಸೆಟ್ಟು ಮಾಡಿದ.
ಇಲ್ಲಿ ಹನ್ನೊಂದು ಹೋದವು.
ಉಳಿದ ಪೆಟ್ಟಿಗೆಯನ್ನೆಲ್ಲ ಕಾರವಾರದ ಯಾರೋ
ರೇಡಿಯೊ ರಿಪೇರಿಯವ ತೂಕಕ್ಕೆ ಒಯ್ದ,
ಅಳಿಸಿ ಭಜನೆ ತುಂಬುತ್ತೇನೆಂದು.”

ಉಮಾಕಾಂತ ರಾಯ್ಕರ್!
ಮೂಗಿನ ತುದಿಯಲ್ಲಿ ಭೂತಗನ್ನಡಿ,
ಇವತ್ತು ಕೊಟ್ಟರೆ ಬರುವ ತಿಂಗಳು ಬಾ ಎನ್ನುತ್ತಿದ್ದವ.
ಅಳಿಸಲಿಲ್ಲ. ಬೇಸರ ಬಂದಿರಬೇಕು.
ನಮ್ಮೂರಿಗೆ ಊರೇ ಪ್ರೀತಿಸಿದ್ದು
ಒಬ್ಬನ ಸೋಮಾರಿತನವನ್ನು.

ಅವನ ರಾಜ್ಯ ಈಗ ನನಗೆ ಗೊತ್ತು:
ಈಚೆಗೆ ಬಿಣಗಾ, ಆಚೆಗೆ ಮಾಜಾಳಿ,
ಪಡುವಣಕ್ಕೆ ನೀರು,
ಮೂಡಣಕ್ಕೆ ರಾಯ್ಕರ್ ಬಿಚ್ಚಿದ ಕೊನೆಯ ರೇಡಿಯೊ.
ಅರಸನಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ.
ಹಡಗಿನಲ್ಲಿ ಅಡುಗೆಗೆ ಹೋದನಂತೆ,
ಎಲ್ಲೋ ಈರುಳ್ಳಿ ಹೆಚ್ಚುತ್ತಿದ್ದಾಗ
ನಾವು ಅವನಿಗಾಗಿ ಬಾಚಣಿಗೆ ಮುರಿಯುತ್ತಿದ್ದೆವು.

ಬಸ್ಸು ಕಾಳಿ ದಾಟುವಾಗ ಸುಲಕ್ಷಾಳಿಗೆ ಫೋನು ಹಚ್ಚಿದೆ.
ಇದೊಂದನ್ನೂ ಹೇಳಲಿಲ್ಲ.
ಆ ಮೂರನೆಯ ಹಾಡು,
ಎರಡನೆಯ ಸಾಲು ಏನಿತ್ತೇ, ಎಂದೆ.
ಕುಕ್ಕರಿನ ಸೀಟಿ ತಗ್ಗುವವರೆಗೆ ಕಾದು
ಹೇಳಿದಳು,
ಮೂಗಿನಲ್ಲೇ.