ತುದಿ ಹಿಡಿಯುವುದು

ಐದೂವರೆಗೆ ಸೈರನ್ ಕೂಗುತ್ತಿತ್ತು.
ಭದ್ರಾವತಿಯ ನಮ್ಮ ಪೇಪರ್ ಟೌನಿನಲ್ಲಿ
ಹಾಲಿಗೆ, ಒಲೆಗೆ, ಜಗಳಕ್ಕೆ, ಜಪಕ್ಕೆ, ಎಲ್ಲಕ್ಕೂ ಅದೇ ಕೋಳಿ.
ಅಪ್ಪ ಇನ್ನಾಸಪ್ಪ ಹೇಳುತ್ತಿದ್ದ:
"ಮೊದಲು ಮಂಡಿಯೂರು, ಆಮೇಲೆ ಮುಖ ತೊಳಿ.
ನಿನ್ನ ಕಣ್ಣಿನ ಗೀಜು ದೇವರಿಗೇನು ಹೊಸದಲ್ಲ."

ಕಾರ್ಖಾನೆ ನಿಂತಿತು. ಸೈರನ್ನೂ.
ಅದರ ಜೊತೆಗೆ ನಾನೂ ನಿಂತೆ.
ಎಂಟಕ್ಕೆ ಏಳುವುದು, ಸೂರಿನ ಜೇಡ ನೋಡುವುದು,
ಗೋಡೆಯ ಶಿಲುಬೆಯ ಕಡೆಗೆ,
ಸಂಬಳ ಬಾಕಿ ಉಳಿಸಿಕೊಂಡ ಮ್ಯಾನೇಜರನ್ನು ನೋಡುವ ಹಾಗೆ,
ಒಂದು ನೋಟ.

ಇಪ್ಪತ್ತಾರು ವರ್ಷ ಮೂರನೇ ಮೆಷಿನ್ನಿನ ಒದ್ದೆ ಬದಿಯಲ್ಲಿದ್ದವನು ನಾನು.
ಅಲ್ಲಿಗೆ ಬರುವಾಗ ಅದಿನ್ನೂ ಕಾಗದವಲ್ಲ.
ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು,
ಉಳಿದ ಒಂದು, ಬಿದಿರಿನ ನೆನಪು.
ಜಾಲರಿಯ ಮೇಲೆ ಓಡುತ್ತ ಓಡುತ್ತ ನೀರಿಳಿದು
ಹಾಳೆ ತಾನಾಗಿಯೇ ಕೂಡಿಕೊಳ್ಳುತ್ತದೆ
ಅಂತ ಹೊರಗಿನವರು ತಿಳಿಯುತ್ತಾರೆ.
ಹರಿಯುತ್ತದೆ, ಸ್ವಾಮಿ. ದಿನಕ್ಕೆ ಮೂರು ಸಲ, ನಾಲ್ಕು ಸಲ.
ಯಂತ್ರ ನಿಲ್ಲಿಸುವ ಹಾಗಿಲ್ಲ.
ಓಡುವ ರೋಲರುಗಳ ನಡುವೆ
ಇಲಿಬಾಲದಷ್ಟು ಕಿರಿದಾದ ತುದಿಯೊಂದನ್ನು ಹಿಡಿದು
ಮತ್ತೆ ದಾಟಿಸಬೇಕು. ಬೆರಳು ಜೋಪಾನ.
ಯಾಕೆ ಹರಿಯಿತು ಎಂಬ ವಿಚಾರಣೆ ಶಿಫ್ಟು ಮುಗಿದ ಮೇಲೆ.

ಬೂದಿ ಬುಧವಾರದ ಮರುದಿನ ಕತ್ತಲಲ್ಲೇ ಎಚ್ಚರವಾಯಿತು.
ಪುಣ್ಯ ಬಂದು ಎಬ್ಬಿಸಲಿಲ್ಲ, ಮೂತ್ರ ಎಬ್ಬಿಸಿತು.
ಎದ್ದವನು ಮಂಡಿಯೂರಿದೆ, ಅಷ್ಟೆ.
ಪರಲೋಕ ಮಂತ್ರ ಅರ್ಧಕ್ಕೆ ಬಂದಾಗ
ಪಿ.ಎಫ್. ಲೆಕ್ಕ ನುಗ್ಗಿತು. ಹರಿಯಿತು.
ತುದಿ ಹಿಡಿದೆ. ದಾಟಿಸಿದೆ.
ಮೂರನೇ ಜಪಮಣಿಯಲ್ಲಿ, ಸತ್ತ ಜ್ಞಾನಮ್ಮನ ಕೆಮ್ಮು.
ಹರಿಯಿತು. ಹಿಡಿದೆ.
ಸಿಹಿ ಅನ್ನುವುದೇನೂ ಇರಲಿಲ್ಲ ನಾಲಿಗೆಯ ಮೇಲೆ.
ತೊಂಬತ್ತೊಂಬತ್ತು ಪಾಲು ನೀರು.

ಹೀಗೆ ಆರು ವರ್ಷ.
ಏನು ಸಿಕ್ಕಿತು ಅಂತ ಕೇಳಿದರು ಹೊಸ ಫಾದರ್.
"ಮಂಡಿಗೆ ಜಡ್ಡು" ಅಂದೆ.
ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಹೋದ ಆಷಾಢದಲ್ಲಿ ಜ್ವರ. ಮೂರು ದಿನ ಮಲಗಿದಲ್ಲೇ.
ನಾಲ್ಕನೆಯ ದಿನ ಎದುರು ಕ್ವಾರ್ಟರ್ಸಿನ ಸಕೀನಾಬಿ
ಗಂಜಿ ಹಿಡಿದು ಬಂದು ಬೈದಳು:
"ನಿಮ್ ಲೈಟು ಹತ್ತಲಿಲ್ಲ, ನಾನು ಏಳಲಿಲ್ಲ,
ಹುಡುಗನ ಶಿವಮೊಗ್ಗ ಬಸ್ಸು ಮೂರು ದಿನವೂ ತಪ್ಪಿತು, ಚೌರಪ್ಪಣ್ಣ!
ಸೈರನ್ನಿಗಾದರೂ ಜ್ವರ ಬರ್ತಿರಲಿಲ್ಲ."

ಉತ್ತರ ತೋಚದೆ ಗಂಜಿ ಕುಡಿದೆ.
ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.

ಇವತ್ತು ಐದೂವರೆ. ದೀಪ. ಮಂಡಿ.
ಎರಡನೇ ಸಾಲಿಗೇ ಹರಿಯಿತು.
ಎದುರುಮನೆಯಲ್ಲಿ ಗ್ಯಾಸಿನ ಲೈಟರು
ಟಿಕ್, ಟಿಕ್, ಎರಡು ಸಲ ಹತ್ತದೆ,
ಮೂರನೆಯ ಸಲಕ್ಕೆ...
ತುದಿ ಎಲ್ಲಿತ್ತು?
ಹಾಂ.