ಇದರ ತಂಗಿ

ಕೆ.ಆರ್. ಮಾರ್ಕೆಟ್ಟಿನ ಮೆಟ್ಟಿಲ ಬದಿ
ಒದ್ದೆ ಗೋಣಿತಾಟಿನ ಮೇಲೆ ಪಿಳ್ಳಮ್ಮನ ನೆಲನೆಲ್ಲಿ.
ಕಟ್ಟಿಗೆ ಇಪ್ಪತ್ತು, ಬೇರಿನ ಮಣ್ಣು ಪುಕ್ಕಟೆ.

ಎಲೆ ಅರೆದು ಡಿಎನ್‌ಎ ತೆಗೆದೆ,
ಜೆಲ್ಲಿನ ಗುಳಿಗೆ ತೊಟ್ಟಿಕ್ಕಿಸಿ ಕರೆಂಟು ಕೊಟ್ಟೆ.
ಯಶವಂತಪುರದ ಗೂಡ್ಸು ಹಾದುಹೋಗುವಾಗ
ಮೇಜು ಸಣ್ಣಗೆ ನಡುಗಿತು.
ಆಮೇಲೆ ನೇರಳೆ ಬೆಳಕಿನಲ್ಲಿ
ಒಂದು ಇರಬೇಕಾದಲ್ಲಿ ಎರಡು ಗೆರೆ.
ಒಂದೇ ಕಟ್ಟು, ಎರಡು ಜಾತಿ.

ಬೆಳಿಗ್ಗೆ ಹೋಗಿ ಹೇಳಿದೆ, ಕಳ್ಳತನ ಹಿಡಿದವಳ ಹಾಗೆ.
ಅವಳು ಒಂದೊಂದೇ ಕಡ್ಡಿ ಕಚ್ಚಿ ಉಗಿದಳು:
“ಇದು ಕಹಿ. ಇದು ಸಪ್ಪೆ, ಇದರ ತಂಗಿ.
ಕಾಮಾಲೆಗೆ ಅಂದಿದ್ರೆ ಕಹೀದೇ ಆರಿಸಿ ಕೊಡ್ತಿದ್ದೆ.
ಯಾತಕ್ಕೆ ಅಂತ ನೀನೆಲ್ಲಿ ಹೇಳ್ದೆ?”

ನಾನೂ ಎರಡನ್ನೂ ಬಾಯಿಗೆ ಹಾಕಿಕೊಂಡೆ.
ಎರಡೂ ಬರೀ ಸೊಪ್ಪು.
“ನುಂಗಬೇಡ,” ಅಂದಳು, ಚಿಲ್ಲರೆ ಎಣಿಸುತ್ತಾ,
“ಇನ್ನೂ ಜಗಿ.”