ಬಾಯಲ್ಲಿ ಪಿನ್ನು

ವೇಲ್ಸಿನ ಬೆಥೆಸ್ಡಾ. ಸ್ಲೇಟು ಕಲ್ಲಿನ ಊರು.
ತಿಂಗಳ ಎರಡನೇ ಮಂಗಳವಾರ ಲೈಬ್ರರಿಯಲ್ಲಿ
ಮಕ್ಕಳ ಪುಸ್ತಕದ ಕಪಾಟನ್ನು ಗೋಡೆಗೆ ತಳ್ಳಿ
ಒಂಬತ್ತು ಕುರ್ಚಿ ಗುಂಡಗೆ ಇಡುತ್ತಾಳೆ ಮಾರೆಡ್.
ಗುಂಡಗೆ ಅಂದರೆ ಗುಂಡಗೇನಲ್ಲ,
ಹೀಟರಿನ ಕಡೆಗೆ ಸ್ವಲ್ಪ ಸೊಟ್ಟ.

ಈ ಸಲದ ಕಾದಂಬರಿ ಹೋದ ವರ್ಷವಷ್ಟೇ ಬಂದದ್ದು.
ಒಂದು ಮನೆ, ಮೂವರು ಅಕ್ಕತಂಗಿಯರು, ಮಾರಾಟಕ್ಕಿಟ್ಟ ಒಂದು ದೋಣಿ.
ಇನ್ನೂರ ಎಂಬತ್ತು ಪುಟ. ಎಲ್ಲೂ ಒಂದು ಉದ್ಧರಣ ಚಿಹ್ನೆ ಇಲ್ಲ.
ಯಾರು ಆಡಿದರು, ಯಾರು ಬರೀ ಅಂದುಕೊಂಡರು,
ಯಾವುದು ಬಾಯಿಗೆ ಬಂತು, ಯಾವುದು ಗಂಟಲಲ್ಲೇ ಉಳಿಯಿತು,
ನೀವೇ ಹುಡುಕಿಕೊಳ್ಳಿ ಎಂದು ಬಿಟ್ಟಿದ್ದಾಳೆ ಬರೆದವಳು.

ಬೋರ್ಡಿಲ್ಲದ ರಸ್ತೆ ಇದು, ಅಂದ ಇಡ್ವಾಲ್.
ಮೂವತ್ತೊಂದು ವರ್ಷ ಬಸ್ ಓಡಿಸಿದವನು.
ನಲವತ್ತನೇ ಪುಟದಲ್ಲಿ ತಪ್ಪು ತಿರುವು ತಗೊಂಡೆ,
ಅಕ್ಕ ಆಡಿದ್ದನ್ನು ತಂಗಿಯ ಬಾಯಿಗೆ ಹಾಕಿ
ನೂರನೇ ಪುಟದವರೆಗೆ ಪಾಪ ಅವಳ ಮೇಲೆ ಸಿಟ್ಟಿನಲ್ಲಿದ್ದೆ.

ಟೆಗ್ವೆನ್ ಮೇಡಂ ಶಾಲೆ ಬಿಟ್ಟು ಹನ್ನೆರಡು ವರ್ಷ.
ಲೈಬ್ರರಿಯ ಪ್ರತಿಗೆ ಪೆನ್ಸಿಲಿನಲ್ಲಿ
ಮೊದಲಿನಿಂದ ಕೊನೆಯವರೆಗೆ ಚಿಹ್ನೆ ಹಾಕಿಕೊಂಡು ಬಂದಿದ್ದಾಳೆ.
ಮಾರೆಡ್ ನೋಡಿಯೂ ನೋಡದ ಹಾಗೆ ಬಿಸ್ಕತ್ತಿನ ತಟ್ಟೆ ದಾಟಿಸಿದಳು.

ಪ್ರೀತಿ ಇದ್ದಲ್ಲಿ ಯಾರು ಅಂದದ್ದು ಅಂತ
ಯಾರು ಲೆಕ್ಕ ಇಡುತ್ತಾರೆ, ಅಂದ ಗೆತಿನ್.
ಇಟ್ಟೇ ಇಡುತ್ತಾರೆ,
ಅಂದಳು ಎರಡು ಸಲ ಡೈವೋರ್ಸ್ ಆದ ಲೊವ್ರಿ.

ಈ ಪದ್ಯದ ಭಾಷೆಗೆ ಆ ತಾಪತ್ರಯ ಕಡಿಮೆ.
ಮಾತು ಮುಗಿದಲ್ಲಿ ನಮಗೆ ಅಂತ ಅಂತ ಒಂದಿದೆ,
ಕೊಡದ ಕಂಠಕ್ಕೆ ಬಿಗಿದ ಹಗ್ಗದ ಹಾಗೆ.
ಎಷ್ಟು ಆಳದಿಂದಲಾದರೂ
ಯಾರದು ಯಾರದೆಂದು ಸೇದಿ ಕೊಡುತ್ತದೆ.
ಕೊನೆ ಅಂತಲೂ ಅದಕ್ಕೆ ಅರ್ಥ; ಇರಲಿ.

ನೆರಿಸ್ ಬರಲು ತೊಡಗಿ ಏಳು ತಿಂಗಳು.
ಯಾವಾಗಲೂ ಕಿಟಕಿಗೆ ಬೆನ್ನು ಮಾಡಿದ ಅದೇ ಕುರ್ಚಿ.
ಜಂಬ ಅಂತ ಕೆಲವರು, ಸಂಕೋಚ ಅಂತ ಕೆಲವರು.
ಹೊಲಿಗೆ ಕಾರ್ಖಾನೆಯಲ್ಲಿ ಅರವತ್ತು ಮಿಷನ್ನಿನ ನಡುವೆ
ಇಪ್ಪತ್ತಾರು ವರ್ಷ ಕೂತಿದ್ದವಳು.
ಏನು ಕೇಳಿದರೂ ನಗುತ್ತಿದ್ದಳು, ನಗಬಾರದಲ್ಲೂ.

ಅವತ್ತು ಪುಸ್ತಕ ಮುಚ್ಚಿ ಅಂದಳು, ಬೇಕಾದ್ದಕ್ಕಿಂತ ಜೋರಾಗಿ:
ನನಗಿದು ಸಲೀಸಾಗಿ ಓದಿಸಿಕೊಂಡಿತು.
ಈ ಕೋಣೆಯೇ ನನಗೆ ಹೀಗೆ.
ಯಾರೋ ಆಡಿರುತ್ತೀರಿ, ನಾನು ಬಾಯಿ ಹುಡುಕುವಷ್ಟರಲ್ಲಿ
ಮಾತು ಇನ್ನೊಂದು ಬಾಯಿಗೆ ದಾಟಿರುತ್ತದೆ.
ಇಡ್ವಾಲ್, ನಿನ್ನ ಮೀಸೆ ಅರ್ಧ ವಾಕ್ಯ ತಿನ್ನುತ್ತದೆ.
ಗೆತಿನ್, ನೀನು ಆಡುವುದೆಲ್ಲ ಕಪ್ಪಿನ ಹಿಂದೆ.
ಹೋದ ತಿಂಗಳು ಇದ್ದಕ್ಕಿದ್ದಂತೆ ಎಲ್ಲ ಸುಮ್ಮನಾದಿರಲ್ಲ,
ಯಾರು ಸತ್ತದ್ದು, ಕತೆಯಲ್ಲೋ ಊರಲ್ಲೋ,
ರಾತ್ರಿಯಿಡೀ ಊಹಿಸುತ್ತ ಮಲಗಿದ್ದೆ.

ಹೀಟರು ಟಿಕ್ ಅಂದಿತು. ಅದೂ ಎಂಟು ಜನಕ್ಕೆ.

ಗೆತಿನ್ ಕಪ್ಪು ಕೆಳಗಿಟ್ಟ.
ಏನೋ ಅನ್ನಹೊರಟ ಟೆಗ್ವೆನ್ ತಡೆದು
ಕಿವಿಯ ಪಕ್ಕ ಎರಡು ಬೆರಳೆತ್ತಿದಳು,
ಪುಟ್ಟ ಎರಡು ಗೆರೆ.
ನೆರಿಸ್ ಅತ್ತ ತಿರುಗಿದಳು. ಆಮೇಲೆ ಮಾತು:
ಕೊನೆಯಲ್ಲಿ ಕಿರಿಯವಳು ಹೋಗು ಅಂದದ್ದು ಕ್ರೌರ್ಯ, ಅಲ್ಲವೆ?
ಹೌದೆಂದು ಕುರ್ಚಿ ಕುರ್ಚಿಯಲ್ಲೂ ಬೆರಳೆದ್ದವು.

ಅವಳು ಅನ್ನಲೇ ಇಲ್ಲ, ಅಂದಳು ನೆರಿಸ್.
ಎರಡು ಪುಟ ಹಿಂದೆ ನೋಡಿ. ಪರದೆಯ ಅಂಚು ಮಡಿಸುತ್ತ
ಗುಂಡುಪಿನ್ನು ತುಟಿಯಲ್ಲಿ ಕಚ್ಚಿದ್ದಾಳೆ. ಎಲ್ಲೂ ತೆಗೆದಿಲ್ಲ.
ಬಾಯಲ್ಲಿ ಪಿನ್ನು ಇಟ್ಟುಕೊಂಡು
ಹೋಗು ಅನ್ನಲು ಆಗುತ್ತದಾ, ಅಂದು ನೋಡಿ.

ಹಾಳೆ ತಿರುವುವ ಸದ್ದು.
ಇಡ್ವಾಲ್ ತುಟಿ ಬಿಗಿಹಿಡಿದು ಒಳಗೇ ಏನೋ ಪ್ರಯತ್ನಿಸಿದ.
ಅಂದರೆ ಅಕ್ಕ ಹೊರಟದ್ದು
ಯಾರೂ ಆಡದ ಮಾತು ಕೇಳಿ.

ಟೆಗ್ವೆನ್ ಚೀಲದಿಂದ ರಬ್ಬರು ತೆಗೆದಳು.
ಹೋಗು ಎಂಬುದರ ಎರಡೂ ಬದಿ ಉಜ್ಜಿ,
ಪುಡಿ ಊದಿ,
ಪುಸ್ತಕವನ್ನು ನೆರಿಸಳ ಕೈಗೆ ಕೊಟ್ಟಳು,
ಸರಿಯಾಯಿತೇ ಎಂದು ಕೇಳುವಂತೆ.